ಶಿವಮೊಗ್ಗ ನಗರ ಮತ್ತು ಭದ್ರಾವತಿ: ನಲ್ಲಿ ನೀರಿನಲ್ಲಿರಬಹುದಾದ ಕಲ್ಮಶಗಳು, ಮಾನಕ ಮಿತಿಗಳು ಮತ್ತು ಪರೀಕ್ಷಾ ವರದಿಯನ್ನು ಓದುವ ಕ್ರಮ

ಶಿವಮೊಗ್ಗ ಮಹಾನಗರಪಾಲಿಕೆ ಹಾಗೂ ಭದ್ರಾವತಿ ನಗರಸಭೆ ವ್ಯಾಪ್ತಿಯಲ್ಲಿ ನೀರಿನ ಪರೀಕ್ಷೆ ಕೋರಿ ಅಥವಾ ನೀರಿನ ಗುಣಮಟ್ಟದ ಬಗ್ಗೆ ದೂರು ನೀಡಲು ಅರ್ಜಿ ಸಲ್ಲಿಸುವ ನಾಗರಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪ್ರಯೋಗಾಲಯದ ವರದಿಯಲ್ಲಿರುವ ಅಂಕಿಗಳ ಅರ್ಥ, ತಕ್ಷಣ ಕ್ರಮ ಅಗತ್ಯವಿರುವ ಅಂಕಿಗಳು ಮತ್ತು ಅರ್ಜಿಯಲ್ಲಿ ಇರಬೇಕಾದ ವಿವರಗಳನ್ನು ಕೆಳಗೆ ತಿಳಿಸಲಾಗಿದೆ.

1. ನೀರಿನ ಮೂಲ

ಶಿವಮೊಗ್ಗ ನಗರಕ್ಕೆ ತುಂಗಾ ನದಿಯಿಂದಲೂ, ಭದ್ರಾವತಿಗೆ ಭದ್ರಾ ನದಿಯಿಂದಲೂ ನೀರನ್ನು ಪಡೆದು, ಶುದ್ಧೀಕರಿಸಿ ಸರಬರಾಜು ಮಾಡಲಾಗುತ್ತದೆ. ಎರಡೂ ನದಿಗಳು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗ ತಾಲ್ಲೂಕಿನ ಕೂಡ್ಲಿಯಲ್ಲಿ ಸೇರುತ್ತವೆ. ತುಂಗೆಯು ಶೃಂಗೇರಿ, ತೀರ್ಥಹಳ್ಳಿ, ಗಾಜನೂರುಗಳನ್ನು ದಾಟಿ ಶಿವಮೊಗ್ಗಕ್ಕೆ ಬರುತ್ತದೆ. ಭದ್ರೆಯು ಕಳಸ, ಬಾಳೆಹೊನ್ನೂರುಗಳ ಮೂಲಕ ಹರಿದು, ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು, ಅನಂತರ ಭದ್ರಾವತಿಯನ್ನು ತಲುಪುತ್ತದೆ.

ಮಲೆನಾಡಿನ ಹೆಚ್ಚು ಮಳೆಯ ಕಾರಣ ಈ ನದಿಗಳ ನೀರು ಸ್ವಭಾವತಃ ಮೃದು, ಲವಣಾಂಶ ಕಡಿಮೆ. ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳ ಕೊಳವೆ ಬಾವಿಗಳಲ್ಲಿ ಕಂಡುಬರುವ ಫ್ಲೋರೈಡ್ ಸಮಸ್ಯೆಯು ಈ ನದಿ ನೀರಿನ ಮುಖ್ಯ ಸಮಸ್ಯೆಯಲ್ಲ. ಇಲ್ಲಿ ಗಮನಿಸಬೇಕಾದವು ಮಳೆಗಾಲದ ಬಗ್ಗಡ ಮತ್ತು ನದಿಗೆ ಸೇರುವ ಕೊಳಚೆ ನೀರು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ಭಾಗಗಳಿದ್ದು, ತುಂಗೆಯ ತೀರ್ಥಹಳ್ಳಿ–ಕೂಡ್ಲಿ ಭಾಗ ಮತ್ತು ಭದ್ರೆಯ ಭದ್ರಾವತಿ–ಹೊಳೆಹೊನ್ನೂರು ಭಾಗ ಅವುಗಳಲ್ಲಿ ಸೇರಿವೆ. ನೀರಿನ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 3 ಮಿಲಿಗ್ರಾಂ ಮೀರಿದ ಭಾಗಗಳನ್ನು ಈ ಪಟ್ಟಿಗೆ ಸೇರಿಸಲಾಗುತ್ತದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ಆದರೂ ಮೂರು ವರ್ಷಗಳ ನಂತರದ ಪಟ್ಟಿಯಲ್ಲಿ ಭದ್ರೆಯ ಹೆಸರು ಇತ್ತು. ಆದ್ದರಿಂದ ನದಿಯ ಮಾಲಿನ್ಯಕ್ಕೆ ಕಾರ್ಖಾನೆಗಳನ್ನು ಮಾತ್ರ ಕಾರಣವೆಂದು ಭಾವಿಸುವುದು ಸರಿಯಲ್ಲ. ಪಟ್ಟಣಗಳ ಚರಂಡಿ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಸದರಿ ಪಟ್ಟಿಯು ನದಿಯ ಕಚ್ಚಾ ನೀರಿಗೆ ಸಂಬಂಧಿಸಿದ್ದು, ಶುದ್ಧೀಕರಿಸಿದ ನಲ್ಲಿ ನೀರಿಗೆ ಅನ್ವಯಿಸುವುದಿಲ್ಲ. ಆದರೆ ಕಚ್ಚಾ ನೀರು ಕೆಟ್ಟಷ್ಟೂ ಶುದ್ಧೀಕರಣ ಘಟಕದ ಹೊಣೆ ಹೆಚ್ಚುತ್ತದೆ.

2. ಅನ್ವಯವಾಗುವ ಮಾನಕ

ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಐಎಸ್ 10500:2012 ಎಂಬ ಮಾನಕವು ದೇಶದಲ್ಲಿ ಕುಡಿಯುವ ನೀರಿಗೆ ಅನ್ವಯಿಸುತ್ತದೆ. ಇದು ಮೊದಲು 1983ರಲ್ಲಿ ಪ್ರಕಟವಾಗಿ, 1991 ಮತ್ತು 2012ರಲ್ಲಿ ಪರಿಷ್ಕೃತಗೊಂಡಿದೆ. ಮುಖ್ಯ ಅಂಶಗಳ ಮಿತಿಗಳು ಕೆಳಕಂಡಂತಿವೆ. ಬೇರೆ ಮಾನ ಸೂಚಿಸದಿರುವಲ್ಲಿ ಅಂಕಿಗಳು ಲೀಟರಿಗೆ ಮಿಲಿಗ್ರಾಂಗಳಲ್ಲಿವೆ. ಮೊದಲನೆಯದು ಸ್ವೀಕಾರಾರ್ಹ ಮಿತಿ. ಎರಡನೆಯದು ಬೇರೆ ಮೂಲ ಇಲ್ಲದಿದ್ದಲ್ಲಿ ಅನುಮತಿಸಬಹುದಾದ ಮಿತಿ.

ಬಗ್ಗಡ (ಎನ್‌ಟಿಯು): 1 – 5
ಪಿಎಚ್: 6.5ರಿಂದ 8.5 – ವಿನಾಯಿತಿ ಇಲ್ಲ
ಕರಗಿದ ಒಟ್ಟು ಘನಾಂಶ: 500 – 2000
ಒಟ್ಟು ಗಡಸುತನ: 200 – 600
ಕ್ಲೋರೈಡ್: 250 – 1000
ಸಲ್ಫೇಟ್: 200 – 400
ನೈಟ್ರೇಟ್: 45 – ವಿನಾಯಿತಿ ಇಲ್ಲ
ಫ್ಲೋರೈಡ್: 1.0 – 1.5
ಕಬ್ಬಿಣ: 1.0 (2015ರ ತಿದ್ದುಪಡಿಯಂತೆ) – ವಿನಾಯಿತಿ ಇಲ್ಲ
ಮ್ಯಾಂಗನೀಸ್: 0.1 – 0.3
ಅಲ್ಯೂಮಿನಿಯಂ: 0.03 – 0.2
ಸೀಸ: 0.01 – ವಿನಾಯಿತಿ ಇಲ್ಲ
ಉಳಿಕೆ ಕ್ಲೋರಿನ್: ಕನಿಷ್ಠ 0.2 – 1.0
ಇ-ಕೋಲಿ ಬ್ಯಾಕ್ಟೀರಿಯಾ: 100 ಮಿ.ಲೀ. ಮಾದರಿಯಲ್ಲಿ ಇರಕೂಡದು
ಒಟ್ಟು ಕೋಲಿಫಾರ್ಮ್: 100 ಮಿ.ಲೀ. ಮಾದರಿಯಲ್ಲಿ ಇರಕೂಡದು

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಫ್ಲೋರೈಡ್ 1.5, ನೈಟ್ರೇಟ್ 50 ಮತ್ತು ಸೀಸ 0.01 ಎಂದಿದೆ. ಈ ಮೂರು ಅಂಶಗಳಲ್ಲಿ ಭಾರತದ ಮಾನಕವು ಅದಕ್ಕೆ ಸಮನಾಗಿ ಅಥವಾ ಅದಕ್ಕಿಂತ ಬಿಗಿಯಾಗಿದೆ.

3. ಎರಡು ಮಿತಿಗಳನ್ನು ಓದುವ ಕ್ರಮ

ಎರಡನೆಯ ಅಂಕಿಯನ್ನು ಮತ್ತೊಂದು ಉತ್ತೀರ್ಣ ಮಟ್ಟವೆಂದು ಭಾವಿಸುವ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ಸರಬರಾಜಿಗೆ ಬೇರೆ ಮೂಲವೇ ಇಲ್ಲದ ಸಂದರ್ಭದಲ್ಲಿ ಮಾತ್ರ ಅದು ಸಲ್ಲುತ್ತದೆ. ಸ್ವೀಕಾರಾರ್ಹ ಮಿತಿಯೇ ಗುರಿ. "ವಿನಾಯಿತಿ ಇಲ್ಲ" ಎಂದಿರುವ ಅಂಶಗಳಿಗೆ ಎರಡನೆಯ ಮಿತಿ ಇರುವುದೇ ಇಲ್ಲ.

ಎಲ್ಲ ಮಿತಿಗಳ ಉಲ್ಲಂಘನೆಯೂ ಒಂದೇ ತೂಕದ್ದಲ್ಲ. ಗಡಸುತನ 250 ಇದ್ದಲ್ಲಿ ಸೋಪು ನೊರೆ ಬರುವುದಿಲ್ಲ, ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ; ಅಂದೇ ಯಾರೂ ಕಾಯಿಲೆ ಬೀಳುವುದಿಲ್ಲ. ನೈಟ್ರೇಟ್ ಮಿತಿ ಮೀರಿದಲ್ಲಿ ಬಾಟಲಿ ಹಾಲು ಕುಡಿಯುವ ಕೂಸುಗಳ ರಕ್ತದಲ್ಲಿ ಆಮ್ಲಜನಕ ಸಾಗಣೆಗೆ ತೊಂದರೆಯಾಗುತ್ತದೆ. ಇ-ಕೋಲಿ ಕಂಡುಬಂದಲ್ಲಿ ಮಲದ ಅಂಶ ನೀರಿಗೆ ಸೇರಿದೆ ಎಂದೇ ಅರ್ಥ. ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ಕಾಮಾಲೆಗಳು ಇದೇ ದಾರಿಯಿಂದ ಬರುತ್ತವೆ. 2022ರಲ್ಲಿ ರಾಯಚೂರು ನಗರದಲ್ಲಿ ಮತ್ತು 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣಗಳಲ್ಲಿ ಜೀವಹಾನಿ ಸಂಭವಿಸಿತು.

ವಿವರಣೆಗಾಗಿ ಎರಡು ಕಲ್ಪಿತ ವರದಿಗಳನ್ನು ಗಮನಿಸಬಹುದು. ಮೊದಲನೆಯದರಲ್ಲಿ ಬಗ್ಗಡ 4, ಉಳಿಕೆ ಕ್ಲೋರಿನ್ 0.4, ಇ-ಕೋಲಿ ಇಲ್ಲ. ಎರಡನೆಯದರಲ್ಲಿ ಬಗ್ಗಡ 0.8, ಉಳಿಕೆ ಕ್ಲೋರಿನ್ ಶೂನ್ಯ, ಇ-ಕೋಲಿ ಇದೆ. ಮೊದಲನೆಯ ನೀರು ಸ್ವಲ್ಪ ಮಸುಕಾಗಿ ಕಾಣಬಹುದು. ಅದರ ಬಗ್ಗಡವನ್ನು ತಗ್ಗಿಸಬೇಕಾಗಿದೆ. ಎರಡನೆಯ ನೀರು ಗಾಜಿನ ಲೋಟದಲ್ಲಿ ತಿಳಿಯಾಗಿಯೇ ಕಾಣುತ್ತದೆ. ಆದರೆ ಕುಡಿಯಬಾರದ ನೀರು ಎರಡನೆಯದು. ಕಣ್ಣಿಗೆ ಕಾಣುವ ಬಣ್ಣವನ್ನಷ್ಟೇ ನೋಡಿ ನೀರಿನ ಸುರಕ್ಷತೆಯನ್ನು ನಿರ್ಧರಿಸಕೂಡದು.

4. ಮಳೆಗಾಲದ ಬಗ್ಗಡ ಮತ್ತು ಅಲ್ಯೂಮಿನಿಯಂ

ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಕೆಂಪು ಮಣ್ಣು ನದಿಗೆ ಕೊಚ್ಚಿ ಬರುತ್ತದೆ. ನದಿಗಳ ಮೇಲ್ಭಾಗದ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ. ಭದ್ರೆಯ ಮೇಲ್ಭಾಗದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ನಿಂತಿದೆ.

ಬಗ್ಗಡದ ಕಣಗಳು ತಾವಾಗಿ ತಳಕ್ಕಿಳಿಯುವುದಿಲ್ಲ. ಅವುಗಳನ್ನು ಒಗ್ಗೂಡಿಸಲು ಶುದ್ಧೀಕರಣ ಘಟಕದಲ್ಲಿ ಪಟಿಕ (ಆಲಂ) ಅಥವಾ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿ, ತಳಕ್ಕಿಳಿಸಿ, ಮರಳಿನ ಶೋಧಕದ ಮೂಲಕ ಹಾಯಿಸಲಾಗುತ್ತದೆ. ಬಗ್ಗಡ ಹೆಚ್ಚಿದಂತೆ ಪಟಿಕದ ಪ್ರಮಾಣವೂ ಹೆಚ್ಚುತ್ತದೆ. ಲೀಟರಿಗೆ 1 ಮಿಲಿಗ್ರಾಂ ಪಟಿಕವು ನೀರಿನ ಕ್ಷಾರೀಯತೆಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಅನ್ನು ಬಳಸಿಕೊಳ್ಳುತ್ತದೆ. ಮಲೆನಾಡಿನ ಮೃದು ನೀರಿನಲ್ಲಿ ಕ್ಷಾರೀಯತೆ ಮೊದಲೇ ಕಡಿಮೆಯಾದ್ದರಿಂದ ಪಿಎಚ್ ಕುಸಿಯಬಹುದು. ಆಗ ಅಲ್ಯೂಮಿನಿಯಂ ನೀರಿನಲ್ಲಿ ಕರಗಿ ಉಳಿಯುತ್ತದೆ. ಸುಣ್ಣ ಬೆರೆಸಿ ಪಿಎಚ್ ಕಾಯ್ದುಕೊಳ್ಳುವುದು ಇದಕ್ಕೆ ಪರಿಹಾರ. ಆದಕಾರಣ ಮಳೆಗಾಲದಲ್ಲಿ ಪರೀಕ್ಷೆ ಕೋರುವ ಅರ್ಜಿದಾರರು ಬಗ್ಗಡ, ಪಿಎಚ್ ಮತ್ತು ಅಲ್ಯೂಮಿನಿಯಂ ಈ ಮೂರನ್ನೂ ಒಟ್ಟಿಗೆ ಕೋರುವುದು ಸೂಕ್ತ.

ಬಗ್ಗಡದ ಕಣಗಳ ಮರೆಯಲ್ಲಿ ಬ್ಯಾಕ್ಟೀರಿಯಾಗಳು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ. ಬಗ್ಗಡವನ್ನು 1 ಎನ್‌ಟಿಯುಗೆ ಇಳಿಸಿದ ನಂತರವೇ ಕ್ಲೋರಿನ್ ಬೆರೆಸಬೇಕೆಂಬ ನಿಯಮಕ್ಕೆ ಇದೇ ಕಾರಣ.

5. ಘಟಕದಿಂದ ನಲ್ಲಿಯವರೆಗೆ

ಘಟಕದಿಂದ ಹೊರಡುವಾಗ ಮಾನಕಕ್ಕೆ ಒಳಪಟ್ಟಿದ್ದ ನೀರು ಮನೆಯ ನಲ್ಲಿಗೆ ಬರುವಷ್ಟರಲ್ಲಿ ಬದಲಾಗಬಹುದು. ನೀರು ಬಿಡುವ ಸಮಯ ಮುಗಿದಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಆ ಹೊತ್ತಿನಲ್ಲಿ ಜೋಡಣೆಗಳ ಸಂದಿನಿಂದ ಸುತ್ತಲಿನ ಚರಂಡಿ ನೀರು ಒಳಸೇರುವ ಸಾಧ್ಯತೆ ಇದೆ. ಚರಂಡಿಯನ್ನು ಹಾಯ್ದು ಹೋಗುವ ಮನೆ ಸಂಪರ್ಕದ ಹಳೆಯ ಕೊಳವೆಗಳು, ಮುಚ್ಚಳವಿಲ್ಲದ ಸಂಪುಗಳು, ವರ್ಷಗಟ್ಟಲೆ ತೊಳೆಯದ ಮೇಲ್ತೊಟ್ಟಿಗಳು ಅಪಾಯದ ಮುಖ್ಯ ಸ್ಥಳಗಳಾಗಿವೆ.

ಈ ಕಾರಣಕ್ಕಾಗಿಯೇ ಮಾನಕವು ಉಳಿಕೆ ಕ್ಲೋರಿನ್‌ಗೆ ಕನಿಷ್ಠ ಮಿತಿಯನ್ನು ನಿಗದಿಪಡಿಸಿದೆ. ಪಟ್ಟಿಯ ಇತರ ಕಲ್ಮಶಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಕ್ಲೋರಿನ್ ಮಾತ್ರ ಇರಲೇಬೇಕು. ನಲ್ಲಿಯಲ್ಲಿ 0.2 ಮಿಲಿಗ್ರಾಂ ಉಳಿದಿದ್ದರೆ ದಾರಿಯಲ್ಲಿ ಸೇರಿದ ಅಲ್ಪಸ್ವಲ್ಪ ಸೋಂಕನ್ನು ಅದು ನಿವಾರಿಸಬಲ್ಲದು. ವೈರಾಣು ಸೋಂಕಿನ ಭೀತಿ ಇರುವಲ್ಲಿ ಕನಿಷ್ಠ 0.5 ಇರಬೇಕೆಂದು ಮಾನಕ ತಿಳಿಸುತ್ತದೆ. ನೀರಿನಲ್ಲಿ ಲಘುವಾದ ಬ್ಲೀಚಿಂಗ್ ಪೌಡರ್ ವಾಸನೆ ಬರುವುದು ತಾನಾಗಿ ದೋಷವಲ್ಲ. ಪ್ರತಿದಿನ ಇರುತ್ತಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತಲ್ಲಿ ಪರೀಕ್ಷೆ ಮಾಡಿಸುವುದು ಅಗತ್ಯ.

6. ಮಾದರಿ ಸಂಗ್ರಹಿಸುವ ವಿಧಾನ

(ಅ) ರಾಸಾಯನಿಕ ಪರೀಕ್ಷೆಗೆ: ಶುಭ್ರವಾದ 2 ಲೀಟರ್ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಿಂದ ಎರಡು ಮೂರು ಬಾರಿ ಗಲಬರಿಸಿ ತುಂಬತಕ್ಕದ್ದು. ತಂಪು ಪಾನೀಯದ ಹಳೆಯ ಬಾಟಲಿಗಳನ್ನು ಬಳಸಕೂಡದು.

(ಆ) ಬ್ಯಾಕ್ಟೀರಿಯಾ ಪರೀಕ್ಷೆಗೆ: ಪ್ರಯೋಗಾಲಯವು ನೀಡುವ ಕ್ರಿಮಿಶುದ್ಧ ಸೀಸೆಯನ್ನೇ ಬಳಸತಕ್ಕದ್ದು. ಕ್ಲೋರಿನ್‌ನ ಪ್ರಭಾವವನ್ನು ನಿಲ್ಲಿಸಲು ಅದರಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಆದ್ದರಿಂದ ಸೀಸೆಯನ್ನು ತೊಳೆಯಕೂಡದು. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಸೀಸೆಯ ಬಾಯಿಗೆ ಕೈ ತಾಗದಂತೆ ತುಂಬಿ, ಮಂಜುಗಡ್ಡೆಯೊಡನೆ ಅದೇ ದಿನ ತಲುಪಿಸತಕ್ಕದ್ದು.

(ಇ) ಸರಬರಾಜಿನ ನೀರನ್ನು ಪರೀಕ್ಷಿಸುವುದಾದಲ್ಲಿ ಮೇಲ್ತೊಟ್ಟಿಯ ನಲ್ಲಿಯಿಂದ ಮಾದರಿ ಪಡೆಯಕೂಡದು. ರಸ್ತೆಯ ಕೊಳವೆಗೆ ನೇರ ಸಂಪರ್ಕವಿರುವ ನಲ್ಲಿಯಿಂದಲೇ ಪಡೆಯತಕ್ಕದ್ದು. ಎರಡೂ ಕಡೆಯ ಮಾದರಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಲ್ಲಿ ದೋಷವು ಸರಬರಾಜಿನದೋ ಮನೆಯ ತೊಟ್ಟಿಯದೋ ಎಂಬುದು ತಿಳಿಯುತ್ತದೆ.

(ಈ) ಉಳಿಕೆ ಕ್ಲೋರಿನ್ ಬೇಗ ಆವಿಯಾಗುವುದರಿಂದ ಅದನ್ನು ಸ್ಥಳದಲ್ಲಿಯೇ ಅಳೆಯಬೇಕಾಗುತ್ತದೆ. ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿಯನ್ನು ಈ ಪರೀಕ್ಷೆಗೆ ಕೋರಬಹುದು.

7. ಅರ್ಜಿ ಮತ್ತು ದೂರು

ದೂರನ್ನು ಶಿವಮೊಗ್ಗದಲ್ಲಿ ಮಹಾನಗರಪಾಲಿಕೆಗೆ, ಭದ್ರಾವತಿಯಲ್ಲಿ ನಗರಸಭೆಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ನದಿಗೆ ಕೊಳಚೆ ಅಥವಾ ಕಾರ್ಖಾನೆಯ ತ್ಯಾಜ್ಯ ಸೇರುತ್ತಿರುವ ದೂರುಗಳನ್ನು 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯನ್ವಯ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬಹುದು. ಒಂದೇ ಬೀದಿಯ ಹಲವು ಮನೆಗಳಲ್ಲಿ ವಾಂತಿಭೇದಿ ಅಥವಾ ಕಾಮಾಲೆ ಕಂಡುಬಂದಲ್ಲಿ ನೀರಿನ ವರದಿಗಾಗಿ ಕಾಯದೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸತಕ್ಕದ್ದು.

ಅರ್ಜಿಯಲ್ಲಿ ಕೆಳಕಂಡ ವಿವರಗಳಿರಬೇಕು:

ಅರ್ಜಿದಾರರ ಹೆಸರು, ವಿಳಾಸ, ವಾರ್ಡ್ ಮತ್ತು ನಲ್ಲಿ ಸಂಪರ್ಕದ ಸಂಖ್ಯೆ
ದೋಷ ಮೊದಲು ಕಂಡ ದಿನಾಂಕ, ಮತ್ತು ಅದು ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಮಾತ್ರವೋ ಕೊನೆಯವರೆಗೂ ಇರುವುದೋ ಎಂಬುದು
ಬಣ್ಣ, ವಾಸನೆ, ರುಚಿಯ ವಿವರ
ನೆರೆಮನೆಗಳಲ್ಲಿಯೂ ಇದೇ ದೋಷವಿದೆಯೇ ಎಂಬುದು
ಹತ್ತಿರದಲ್ಲಿ ರಸ್ತೆ ಅಗೆತ, ಒಳಚರಂಡಿ ಕಾಮಗಾರಿ ಅಥವಾ ಕೊಳವೆ ಸೋರಿಕೆ ಇದ್ದಲ್ಲಿ ಅದರ ಸ್ಥಳ
ಪರೀಕ್ಷಾ ವರದಿ ಇದ್ದಲ್ಲಿ ಅದರ ನಕಲು

ಮೊದಲ ನಿಮಿಷಗಳಲ್ಲಿ ಮಾತ್ರ ಕೆಟ್ಟ ವಾಸನೆ ಬರುವುದಾದಲ್ಲಿ ಹತ್ತಿರದ ಕೊಳವೆಯಲ್ಲಿ ಚರಂಡಿ ನೀರು ಸೇರಿರುವ ಸಂಭವವೇ ಹೆಚ್ಚು. ಈ ಒಂದು ವಿವರವು ಸೋರಿಕೆಯನ್ನು ಪತ್ತೆಹಚ್ಚಲು ಸಿಬ್ಬಂದಿಗೆ ಬಹಳ ನೆರವಾಗುತ್ತದೆ. ಅರ್ಜಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳತಕ್ಕದ್ದು.

8. ಮಾಹಿತಿ ಪಡೆಯುವ ಹಕ್ಕು

ಶುದ್ಧೀಕರಣ ಘಟಕದ ಮತ್ತು ವಾರ್ಡಿನ ನೀರಿನ ಪರೀಕ್ಷಾ ವರದಿಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ, ಮಾಹಿತಿಯು ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ್ದಾದಲ್ಲಿ 48 ಗಂಟೆಗಳೊಳಗೆ ಉತ್ತರ ನೀಡತಕ್ಕದ್ದು. "ನೀರಿನ ಬಗ್ಗೆ ಎಲ್ಲ ಮಾಹಿತಿ" ಎಂದು ಕೋರುವ ಬದಲು ಅವಧಿ, ವಾರ್ಡ್ ಮತ್ತು ಅಂಶಗಳನ್ನು ನಮೂದಿಸಿದಲ್ಲಿ ಉತ್ತರ ಸುಲಭವಾಗುತ್ತದೆ.

9. ಪರಿಹಾರ ದೊರೆಯುವವರೆಗೆ

ನೀರನ್ನು ತೆಳುಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಆರಿಸಿ ಕುಡಿಯತಕ್ಕದ್ದು. ಕುದಿಸುವುದರಿಂದ ಬ್ಯಾಕ್ಟೀರಿಯಾ, ವೈರಾಣುಗಳು ಸಾಯುತ್ತವೆ. ನೈಟ್ರೇಟ್, ಫ್ಲೋರೈಡ್, ಸೀಸಗಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಸಂಪು ಮತ್ತು ಮೇಲ್ತೊಟ್ಟಿಗಳನ್ನು ಆರು ತಿಂಗಳಿಗೊಮ್ಮೆ ತೊಳೆಯತಕ್ಕದ್ದು. ತೊಳೆದ ನಂತರ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪೌಡರನ್ನು ಬೇರೆ ಪಾತ್ರೆಯಲ್ಲಿ ಕಲಸಿ, ತಿಳಿಯನ್ನು ಮಾತ್ರ ಬೆರೆಸಿ, ಅರ್ಧ ಗಂಟೆ ಬಿಟ್ಟು ಬಳಸಬಹುದು. ಹಸುಗೂಸು, ಗರ್ಭಿಣಿಯರು ಮತ್ತು ವೃದ್ಧರಿರುವ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಕುದಿಸಿದ ನೀರನ್ನೇ ಬಳಸುವುದು ಒಳಿತು.

ಕೊಳವೆ ಒಡೆದಿರುವುದು, ಚರಂಡಿ ನೀರು ನಿಂತಿರುವುದು ಕಂಡುಬಂದಲ್ಲಿ, ತಮ್ಮ ಮನೆಯ ನೀರು ಚೆನ್ನಾಗಿಯೇ ಇದ್ದರೂ, ಸಾರ್ವಜನಿಕರು ಕೂಡಲೇ ಸಂಬಂಧಪಟ್ಟ ಕಚೇರಿಗೆ ತಿಳಿಸಿ ಸಹಕರಿಸಬೇಕಾಗಿ ಕೋರಲಾಗಿದೆ.