ಕಡಲ ಅರ್ಚಿನ್ನಿನ ಖನಿಜೀಕರಣದಲ್ಲಿ ಫಾಸ್ಫೇಟ್‌ಧಾರಿ ಪ್ರೋಟೀನುಗಳ ಸ್ಥಾನ

ಕಂಟಕಚರ್ಮಿಗಳ ವರ್ಗಕ್ಕೆ ಸೇರಿದ ಕಡಲ ಅರ್ಚಿನ್ನಿನ ಚಿಪ್ಪು, ಮುಳ್ಳು, ಹಲ್ಲುಗಳೆಲ್ಲವೂ ಮೆಗ್ನೀಸಿಯಮ್ ಬೆರೆತ ಕ್ಯಾಲ್ಸೈಟಿನಿಂದಲೇ ನಿರ್ಮಿತವಾಗಿದ್ದರೂ, ಬಂಡೆಯನ್ನು ಕೆರೆಯುವ ಹಲ್ಲಿನ ಕಾಠಿಣ್ಯಕ್ಕೂ ದೇಹವನ್ನು ಆವರಿಸಿದ ಚಿಪ್ಪಿನ ಸರಂಧ್ರ ರಚನೆಗೂ ಹೋಲಿಕೆಯಿಲ್ಲ. ಈ ಭೇದದ ಮೂಲವನ್ನು ಖನಿಜದೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಹುದುಗಿರುವ ಪ್ರೋಟೀನುಗಳಲ್ಲಿ, ವಿಶೇಷತಃ ಫಾಸ್ಫೇಟನ್ನು ಧರಿಸಿದವುಗಳಲ್ಲಿ ಅರಸುವುದು ಯುಕ್ತವಾದುದು; ಏಕೆಂದರೆ ಸೆರೀನಿನಂತಹ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಕೂಡಿದೊಡನೆ ಆ ಸ್ಥಾನವು ಋಣ ವಿದ್ಯುದಾವೇಶವನ್ನು ಪಡೆದು ಕ್ಯಾಲ್ಸಿಯಮ್ಮನ್ನು ಆಕರ್ಷಿಸಬಲ್ಲುದು.

ಪೆಸಿಫಿಕ್ ತೀರದ ನೇರಳೆ ಅರ್ಚಿನ್ನಿನ ಜೀನೋಮ್ 2006ರಲ್ಲಿ ಪ್ರಕಟವಾದ ತರುವಾಯ ಈ ಶೋಧಕ್ಕೆ ಭದ್ರವಾದ ತಳಹದಿ ದೊರೆಯಿತು. ಕಾರ್ಲ್‌ಹೈನ್ಸ್ ಮಾನ್ ಮತ್ತು ಸಹೋದ್ಯೋಗಿಗಳು ಚಿಪ್ಪು ಮತ್ತು ಹಲ್ಲುಗಳ ಖನಿಜದಿಂದ ಪ್ರೋಟೀನುಗಳನ್ನು ಬೇರ್ಪಡಿಸಿ, ಅವುಗಳ ತುಣುಕುಗಳನ್ನು ದ್ರವ್ಯರಾಶಿ ಮಾಪನದಿಂದ ಪರೀಕ್ಷಿಸಿ (ಪ್ರತಿ ಫಾಸ್ಫೇಟಿಗೂ ತುಣುಕಿನ ತೂಕ ಸುಮಾರು 80 ಡಾಲ್ಟನ್ ಹೆಚ್ಚುವುದೇ ಇಲ್ಲಿ ಗುರುತು) 2010ರಲ್ಲಿ 34 ಫಾಸ್ಫೊಪ್ರೋಟೀನುಗಳನ್ನೂ 64 ಫಾಸ್ಫೇಟ್ ಸ್ಥಾನಗಳನ್ನೂ ವರದಿಮಾಡಿದರು. ಚಿಪ್ಪು ಮತ್ತು ಹಲ್ಲು ಎರಡರಲ್ಲಿಯೂ ಕಂಡುಬಂದವು ಕೇವಲ ಎರಡೆಂಬುದು ನನ್ನ ದೃಷ್ಟಿಯಲ್ಲಿ ಅವರ ವರದಿಯ ಅತ್ಯಂತ ಗಮನಾರ್ಹವಾದ ಅಂಶ.

ಹಲ್ಲಿನಲ್ಲಿ ವಿಪುಲವಾಗಿ ದೊರೆತ, ತೀವ್ರ ಆಮ್ಲೀಯವಾದ ಒಂದು ಪ್ರೋಟೀನಿಗೆ ಅವರು ಫಾಸ್ಫೊಡಾಂಟಿನ್ ಎಂದು ನಾಮಕರಣ ಮಾಡಿದರು. ಪರಸ್ಪರ ಬಹುಮಟ್ಟಿಗೆ ಸದೃಶವಾದ 35 ಕಿರುಘಟಕಗಳ ಆವೃತ್ತಿಯಿಂದ ರೂಪುಗೊಂಡು, ಕೊನೆಯಲ್ಲಿ ಆಸ್ಪಾರ್ಟಿಕ್ ಆಮ್ಲದಿಂದ ಸಮೃದ್ಧವಾಗಿರುವ ಇದಕ್ಕೆ ಸಸ್ತನಿಗಳ ದಂತಪ್ರೋಟೀನುಗಳೊಡನೆ ಅನುಕ್ರಮದ ಬಾಂಧವ್ಯವಿಲ್ಲ. ಆದರೂ ಆವೇಶದ ಸಾಮ್ಯದಿಂದ ಎರಡೂ ಒಂದೇ ಕಾರ್ಯವನ್ನು ನಿರ್ವಹಿಸುತ್ತಿರಬಹುದೆಂಬ ಅವರ ಊಹೆ ಆದರಣೀಯವಾದುದು.

ಊಹೆಯನ್ನು ನಿರ್ಣಯವೆಂದು ಭಾವಿಸುವುದಾದರೋ ಸಲ್ಲದು. ಅದೇ ಪಟ್ಟಿಯಲ್ಲಿ ಜೀವಕೋಶದ ಆಂತರಿಕ ಸಂಕೇತವಾಹಕಗಳಾದ ಸಾರ್ಕ್ ವರ್ಗದ ಕೈನೇಸ್, ಪ್ರೋಟೀನ್ ಕೈನೇಸ್ ಸಿ ಮೊದಲಾದವೂ ಇವೆ. ಖನಿಜದಲ್ಲಿ ದೊರೆತ ಮಾತ್ರಕ್ಕೆ ಇವು ಖನಿಜವನ್ನು ಕಟ್ಟಿದವೆಂದು ಹೇಳಲಾಗದು. ಆರ್ಥರ್ ವೈಸ್ ಅವರ ತಂಡವು 2009ರಲ್ಲಿ ಮತ್ತೊಂದು ಅರ್ಚಿನ್ನಿನ ಹಲ್ಲಿನಿಂದ ಪಡೆದ ಯುಟಿಎಂಪಿ-16 ಮತ್ತು ಯುಟಿಎಂಪಿ-19 ಎಂಬ ಪ್ರೋಟೀನುಗಳೆರಡೂ ಫಾಸ್ಫೇಟ್‌ಯುಕ್ತವಾಗಿದ್ದರೂ, ಮೊದಲನೆಯದು ಅಪಟೈಟ್ ಖನಿಜಕ್ಕೆ ಅಂಟಿಕೊಳ್ಳುವುದು, ಎರಡನೆಯದು ಅಂಟಿಕೊಳ್ಳದು. ಅಲ್ಲದೆ ಮೊದಲನೆಯದು ಖನಿಜವನ್ನು ಸ್ಪರ್ಶಿಸುವ ಕೋಶಪೊರೆಯಲ್ಲಿಯೇ ಸಾಂದ್ರವಾಗಿರುವುದನ್ನು ಪ್ರತಿಕಾಯಗಳ ಮೂಲಕ ಅವರು ತೋರಿಸಿದರು. ಫಾಸ್ಫೇಟಿನ ಇರವಿಗಿಂತ ಪ್ರೋಟೀನಿನ ನೆಲೆಯೇ ಹೆಚ್ಚು ಪ್ರಬಲವಾದ ಸಾಕ್ಷ್ಯವೆಂಬುದು ಇದರಿಂದ ವಿದಿತವಾಗುತ್ತದೆ. ಆದಕಾರಣ ಫಾಸ್ಫೊಡಾಂಟಿನ್ ವಿಷಯದಲ್ಲಿಯೂ ಪ್ರತಿಕಾಯದಿಂದ ಅದರ ನೆಲೆಯನ್ನು ಗುರುತಿಸಿ, ಫಾಸ್ಫಟೇಸ್ ಕಿಣ್ವದಿಂದ ಫಾಸ್ಫೇಟನ್ನು ಕಳಚಿ, ಮೂಲ ಪ್ರೋಟೀನೂ ಕಳಚಿದ ಪ್ರೋಟೀನೂ ಕ್ಯಾಲ್ಸೈಟಿನ ಹರಳುಗಳ ಬೆಳವಣಿಗೆಯ ಮೇಲೆ ಬೀರುವ ಪ್ರಭಾವವನ್ನು ಪ್ರಯೋಗಪಾತ್ರೆಯಲ್ಲಿ ಹೋಲಿಸಿ ನೋಡತಕ್ಕುದು.