ಬಾಣಂತಿ ಮಾತ್ರೆ ನುಂಗಿದರೆ ಎದೆಹಾಲು ನಿಲ್ಲಿಸಬೇಕೇ?

'ತಾಯಿ ಆಂಟಿಬಯಾಟಿಕ್ ತೆಗೆದುಕೊಂಡರೆ ಹಾಲು ವಿಷವಾಗುತ್ತದೆ, ಐದು ದಿನ ಮಗುವಿಗೆ ಕೊಡಬೇಡಿ' ಎಂಬ ವಾಟ್ಸಾಪ್ ಸಂದೇಶವನ್ನು ಮೈಸೂರಿನ ಚಾಮರಾಜಪುರಂನ ಓದುಗರೊಬ್ಬರು ನಮಗೆ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಬಾಣಂತನಕ್ಕೆ ಬಂದಿರುವ ಅವರ ಮಗಳಿಗೆ ಒಂದು ಕಡೆ ಹಾಲು ಕಟ್ಟಿ, ಎದೆ ಕೆಂಪಾಗಿ, ಚಳಿಜ್ವರ ಬಂದಿದೆ. ಹೆರಿಗೆ ಮಾಡಿಸಿದ ಡಾಕ್ಟರು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮತ್ತು ಪ್ಯಾರಾಸಿಟಮಾಲ್ ಬರೆದು, 'ಹಾಲು ಕೊಡುತ್ತಲೇ ಇರಿ' ಎಂದಿದ್ದಾರೆ. ಇನ್ನೊಬ್ಬ ಡಾಕ್ಟರು 'ಕೋರ್ಸ್ ಮುಗಿಯುವ ತನಕ ಬೇಡ' ಎಂದಿದ್ದಾರೆ. ಮನೆಯಲ್ಲಿ ಡಬ್ಬಿ ಹಾಲು ತಂದಾಗಿದೆ.

ಸಂದೇಶ ತಪ್ಪು. ಈ ಎರಡೂ ಔಷಧಗಳನ್ನು ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದು. ಆಂಟಿಬಯಾಟಿಕ್‌ನಿಂದ ಕೆಲವು ಮಕ್ಕಳಿಗೆ ಸ್ವಲ್ಪ ಭೇದಿ ಆಗಬಹುದು, ಅಷ್ಟೆ. ಪ್ಯಾರಾಸಿಟಮಾಲ್ ಅಂತೂ ಮಕ್ಕಳಿಗೆ ಜ್ವರ ಬಂದಾಗ ಡಾಕ್ಟರು ನೇರವಾಗಿ ಕೊಡುವ ಡ್ರಾಪ್ಸ್‌ನಲ್ಲೇ ಇದೆ. ಹಾಲಿನ ಮೂಲಕ ಹೋಗುವುದು ಅದಕ್ಕಿಂತ ತೀರಾ ಕಡಿಮೆ. ನಿಜವಾದ ಅಪಾಯ ಇರುವುದು ನಿಲ್ಲಿಸುವುದರಲ್ಲಿ. ಎದೆಯಲ್ಲಿ ಸೋಂಕು ಇರುವಾಗ ಹಾಲುಣಿಸುವುದನ್ನು ಹಠಾತ್ತಾಗಿ ಬಿಟ್ಟರೆ ಹಾಲು ಮತ್ತಷ್ಟು ಕಟ್ಟಿಕೊಂಡು ಕೀವುಗಟ್ಟಬಹುದು. ಸೋಂಕಿರುವ ಎದೆಯ ಹಾಲೂ ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ತೊಂದರೆ ಮಾಡುವುದಿಲ್ಲ.

ಹಾಗಾದರೆ ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದೇಕೆ? ಹೊಸ ಔಷಧದ ಪ್ರಯೋಗಗಳಲ್ಲಿ ಹಾಲುಣಿಸುವ ತಾಯಂದಿರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಕಂಪನಿಗಳು 'ಸುರಕ್ಷತೆ ಖಚಿತವಾಗಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಆ ಚೀಟಿ ನೋಡಿದವರು ಬೇಡ ಎನ್ನುತ್ತಾರೆ. ಹಾಲಿನಲ್ಲಿ ಔಷಧ ಎಷ್ಟು ಬಂತು ಎಂದು ಅಳೆದ ಮಾಹಿತಿ ನೋಡಿದವರು ಕೊಡಿ ಎನ್ನುತ್ತಾರೆ. ಅಂಥ ಮಾಹಿತಿಯನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 2006ರಿಂದ 'ಲ್ಯಾಕ್ಟ್‌ಮೆಡ್' ಹೆಸರಿನಲ್ಲಿ ಉಚಿತವಾಗಿ ಕೊಡುತ್ತಿದೆ, ಮೊಬೈಲಿನಲ್ಲೇ ತೆರೆಯುತ್ತದೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ ತಾಯಿಯ ಡೋಸ್‌ನ ಶೇ 10ಕ್ಕಿಂತ ಕಡಿಮೆ ಮಗುವಿಗೆ ಸೇರುವುದಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಎಂಬುದು ವೈದ್ಯರು ಬಳಸುವ ಅಳತೆ. ಹೆಚ್ಚಿನ ಔಷಧಗಳು ಅದಕ್ಕಿಂತ ಬಹಳ ಕೆಳಗಿವೆ. ಇನ್ಸುಲಿನ್‌ನಂಥವು ಹಾಲಿಗೆ ಬಂದರೂ ಮಗುವಿನ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತವೆ.

ಇನ್ನೊಂದು ಗೊಂದಲ, ಬಸುರಿಗೆ ಆಗದ್ದು ಬಾಣಂತಿಗೂ ಆಗದು ಎಂಬ ನಂಬಿಕೆ. ರಕ್ತ ತೆಳುವಾಗಿಸುವ ವಾರ್ಫರಿನ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಆದರೆ ಎದೆಹಾಲಿಗೆ ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ.

ಇಂಥ ಗೊಂದಲವನ್ನು ಇಡೀ ದೇಶವೇ ಕಂಡಿದೆ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಹಾಲುಣಿಸುವವರಿಗೆ ಕೊಡಬಾರದು ಎಂಬ ಸೂಚನೆ ಇತ್ತು. ಎದೆಹಾಲು ಕುಡಿಯುವ ಮಗುವಿದ್ದ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಲಸಿಕೆಯಿಲ್ಲದೆ ಕೆಲಸ ಮಾಡಬೇಕಾಯಿತು. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ಪಡೆದವರು ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ ಎಂದಿತ್ತು. ನಮ್ಮಲ್ಲಿ ನಿಯಮ ಬದಲಾದದ್ದು ಮೇ 19ರಂದು, ಎರಡನೇ ಅಲೆಯ ನಡುವೆ.

ಹಾಗೆಂದು ಎಲ್ಲ ಮಾತ್ರೆಯೂ ಸರಿ ಎಂದಲ್ಲ. ಕೆಲವು ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿರುವ ಕೋಡಿನ್ ಮತ್ತು ಟ್ರಮಡಾಲ್ ಬಗ್ಗೆ ಅಮೆರಿಕದ ಎಫ್‌ಡಿಎ 2017ರಲ್ಲಿ ಬಲವಾದ ಎಚ್ಚರಿಕೆ ಕೊಟ್ಟಿದೆ. ಕೆಲವು ತಾಯಂದಿರ ದೇಹ ಇವನ್ನು ತೀರಾ ವೇಗವಾಗಿ ಪ್ರಬಲ ರೂಪಕ್ಕೆ ತಿರುಗಿಸುವುದರಿಂದ ಮಗುವಿನ ಉಸಿರಾಟಕ್ಕೇ ತೊಂದರೆ ಆಗಬಹುದು. ಕ್ಯಾನ್ಸರ್‌ನ ಕೀಮೋ ನಡೆಯುವಾಗ ಹಾಲುಣಿಸುವಂತಿಲ್ಲ. ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಪಡೆಯುವವರು ಆ ಮಗುವಿಗೆ ಹಾಲುಣಿಸುವುದನ್ನು ಪೂರ್ತಿ ಬಿಡಬೇಕು. ದಿನಾ ನುಂಗುವ ಥೈರಾಯ್ಡ್ ಮಾತ್ರೆ ಬೇರೆ, ಅದಕ್ಕೆ ಅಡ್ಡಿಯಿಲ್ಲ. ಸ್ಯೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ ಹಾಲನ್ನೇ ಕಡಿಮೆ ಮಾಡಬಹುದು. ಒಂದು ಪ್ಯಾರಾಸಿಟಮಾಲ್‌ಗೆ ಹೆದರುವ ಮನೆಗಳಲ್ಲೇ, ಏನು ಹಾಕಿದ್ದಾರೆಂದು ಗೊತ್ತಿಲ್ಲದ ನಾಟಿ ಪುಡಿಯನ್ನು ಬಾಣಂತಿಗೆ ತಿಂಗಳುಗಟ್ಟಲೆ ಕೊಡುವುದನ್ನೂ ನೋಡುತ್ತೇವೆ. ಅದನ್ನೂ ಡಾಕ್ಟರಿಗೆ ಹೇಳಬೇಕು.

ಮಾತ್ರೆ ಬರೆಸಿಕೊಳ್ಳುವಾಗ 'ಹಾಲುಣಿಸುತ್ತಿದ್ದೇನೆ' ಎನ್ನುವುದರ ಜೊತೆಗೆ ಮಗುವಿನ ವಯಸ್ಸನ್ನೂ ಹೇಳಿ. ದಿನ ತುಂಬದೆ ಹುಟ್ಟಿದ ಹಸುಗೂಸಿಗೂ ಅನ್ನ ತಿನ್ನುವ ಒಂದು ವರ್ಷದ ಮಗುವಿಗೂ ಲೆಕ್ಕ ಬೇರೆ. 'ಬೇಡ' ಎಂದರೆ, ಹಾಲು ಬಿಡಿಸುವ ಮೊದಲು 'ಇದರ ಬದಲು ಬೇರೆ ಔಷಧ ಇದೆಯೇ?' ಎಂದು ಕೇಳಿ. ಬಹಳ ಸಲ ಇರುತ್ತದೆ. ಫಿಟ್ಸ್, ಬಿಪಿ, ಟಿಬಿ, ಖಿನ್ನತೆಯ ಮಾತ್ರೆಗಳನ್ನು ಫಾರ್ವರ್ಡ್ ನೋಡಿ ನೀವಾಗಿ ನಿಲ್ಲಿಸಬೇಡಿ.

ಚಾಮರಾಜಪುರಂನ ಓದುಗರಿಗೆ: ಮಾತ್ರೆ ಶುರುಮಾಡಿ ಎರಡು ದಿನವಾದರೂ ಜ್ವರ ಇಳಿಯದಿದ್ದರೆ, ಅಥವಾ ಎದೆಯಲ್ಲಿ ಗಟ್ಟಿ ಗಂಟು ಉಳಿದರೆ, ಮಗಳನ್ನು ಮತ್ತೆ ಡಾಕ್ಟರಿಗೆ ತೋರಿಸಿ. ತಾಯಿ ಯಾವುದೇ ಔಷಧ ತೆಗೆದುಕೊಳ್ಳುತ್ತಿರುವಾಗ ಮಗು ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಹಾಲು ಚೀಪದಿದ್ದರೆ, ಉಸಿರಾಡಲು ಕಷ್ಟಪಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಪಟ್ಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.