ದೀಪವಾರಿದ ಮೇಲಿನ ಪಾಠ

1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನ ಐಸ್ ಹಾಕಿಯಲ್ಲಿ ಅಮೆರಿಕದ ಎಳೆಯರ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿತು. ನಾವು ಅದನ್ನು ಪವಾಡವೆಂದು ನೆನೆಯುತ್ತೇವೆ. ಅದರ ಬೇರು ಹಿಂದಿನ ಸೆಪ್ಟೆಂಬರಿನಲ್ಲಿದೆ. ನಾರ್ವೆಯೊಡನೆ ನೀರಸವಾಗಿ ಆಡಿ 3–3ರಿಂದ ಸಮ ಮಾಡಿಕೊಂಡ ಹುಡುಗರನ್ನು ತರಬೇತುದಾರ ಹರ್ಬ್ ಬ್ರೂಕ್ಸ್ ಪಂದ್ಯ ಮುಗಿದೊಡನೆ ಮತ್ತೆ ಮಂಜಿನಂಗಳಕ್ಕಿಳಿಸಿ, ದೀಪಗಳು ಆರಿದ ಮೇಲೂ ಓಡಿಸಿದರು. ಮಿನ್ನೆಸೋಟ ಮತ್ತು ಬೋಸ್ಟನ್ ವಿಶ್ವವಿದ್ಯಾಲಯಗಳಿಂದ ಬಂದವರ ನಡುವೆ ಹಳೆಯ ಹಗೆಯಿತ್ತು. ಆ ಸಿಟ್ಟೆಲ್ಲ ತಮ್ಮತ್ತ ತಿರುಗುವಂತೆ ನಡೆದುಕೊಂಡು ಬ್ರೂಕ್ಸ್ ಅವರನ್ನು ಒಂದಾಗಿಸಿದರು. 1960ರಲ್ಲಿ ಚಿನ್ನ ಗೆದ್ದ ತಂಡದಿಂದ ಕೊನೆಯ ಗಳಿಗೆಯಲ್ಲಿ ಕೈಬಿಡಲಾದ ಆಟಗಾರರೂ ಅವರೇ.

ಸೋವಿಯತ್ತರನ್ನು ಮಣಿಸಿದ ಹುಡುಗರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದಾಗ ಬ್ರೂಕ್ಸ್ ಸದ್ದಿಲ್ಲದೆ ಒಳಗೆ ನಡೆದರು. ಒಗ್ಗಟ್ಟನ್ನು ಹೊಗಳುವ ನಾವು, ಅದಕ್ಕೆ ಒಬ್ಬರು ತೆತ್ತ ಒಂಟಿತನವನ್ನೂ ಲೆಕ್ಕಕ್ಕೆ ಹಿಡಿಯಬೇಕು.